ಗೌಡರು ಟೀವಿಯಲ್ಲಿ ಬಂದ ವಾರ

ಊರು ಕಾಯುವ ಕೋಲಾರಮ್ಮನಿಗೆ, ಮುಳಬಾಗಿಲಿನ ಆಂಜನೇಯಸ್ವಾಮಿಗೆ, ಕಣ್ಣಿಗೆ ಕಾಣದೆ ಎಲ್ಲೆಲ್ಲೂ ತುಂಬಿಕೊಂಡಿರುವ ಆ ಪರಮಾತ್ಮನಿಗೆ ಮೊದಲು ಕೈ ಮುಗಿಯುತ್ತೇನೆ. ಕಾಣದ್ದನ್ನು ನಂಬುವುದು ನನಗೆ ಕಷ್ಟವಲ್ಲ. ನನ್ನ ಕಸುಬೇ ಅದು. ಗಾಳಿಯಲ್ಲಿ ಬರುವ, ಯಾರೂ ಕಂಡಿಲ್ಲದ ಸಿಗ್ನಲನ್ನು ಹಿಡಿದು ಜನರ ಮನೆಯ ಟೀವಿಗೆ ಇಳಿಸಿಕೊಡುವುದು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕೂ ಕಡೆ ಮನೆಗಳ ಮೇಲೆ ಆಂಟೆನಾ ಕಟ್ಟಿದ್ದೇನೆ. ಹಣೆಯಲ್ಲಿ ವಿಭೂತಿ ಇರುವುದರಿಂದ ಎಲ್ಲರೂ ಸ್ವಾಮಿ ಎಂದೇ ಕರೆಯುತ್ತಾರೆ. ಹಿಂದಿನ ಕಾಲದಲ್ಲಿ ಆಂಟೆನಾ ಸ್ವಲ್ಪ ಸೊಟ್ಟಗಿದ್ದರೂ ಚುಕ್ಕೆ ಚುಕ್ಕೆಯಾಗಿ ಏನೋ ಒಂದು ಕಾಣುತ್ತಿತ್ತು. ಈಗಿನ ಡಿಜಿಟಲ್ಲು ಹಾಗಲ್ಲ. ಟವರಿನ ಕಡೆ ನೇರವಾಗಿ ಮುಖ ಮಾಡಿದರೆ ಕನ್ನಡಿಯಂಥ ಚಿತ್ರ, ಒಂದಿಷ್ಟು ತಪ್ಪಿದರೆ ಬರೀ ಕಪ್ಪು. ಟವರು ನಮಗೆಲ್ಲ ಪಶ್ಚಿಮಕ್ಕಿದೆ. ಇಷ್ಟು ತಿಳಿದರೆ ನನ್ನ ವಿದ್ಯೆಯೆಲ್ಲ ನಿಮಗೆ ಬಂದ ಹಾಗೆ. ಉಳಿದದ್ದು ಜನ. ಅವರ ವಿಷಯದಲ್ಲಿ ನಾನು ಇನ್ನೂ ಬೆಚ್ಚಿ ಬೀಳುತ್ತಲೇ ಇದ್ದೇನೆ. ನಾನು ಹೇಳಹೊರಟಿರುವ ವಾರದಲ್ಲಂತೂ ಬಿದ್ದವನು ಏಳಲೇ ಇಲ್ಲ.

ಆ ವಾರದ ಮೊದಲ ದಿನ ಶ್ರೀನಿವಾಸಪುರದ ಹತ್ತಿರದ ಮಾವಿನ ತೋಟದ ಗೌಡರು ಹುಡುಕಿಕೊಂಡು ಬಂದರು. ಸರ್ಕಾರಿ ಚಾನೆಲ್ಲಿನವರು ಅವರ ತೋಟಕ್ಕೆ ಬಂದು ಮಾವಿನ ಬೆಳೆ ಬಗ್ಗೆ ಮಾತಾಡಿಸಿಕೊಂಡು ಹೋಗಿದ್ದರಂತೆ. ಶುಕ್ರವಾರ ಸಂಜೆ ಪ್ರಸಾರ. ಮನೆ ಇರುವುದು ತೋಟದ ನಡುವೆ. ಕೇಬಲ್ಲು ಅಲ್ಲಿಗೆ ಬಂದಿಲ್ಲ, ಡಿಶ್ಶಿಗೆ ಮರಗಳು ಆಕಾಶ ಬಿಡುವುದಿಲ್ಲ, ಮೊಬೈಲಿನಲ್ಲಿ ಮಾತಾಡಬೇಕಾದರೂ ಬೇಲಿಯ ತನಕ ನಡೆಯಬೇಕು.

ಗೌಡರ ಚಿಂತೆ ಅವರ ಹೆಂಡತಿಯ ಅಣ್ಣನದು. ತೋಟ ಕೊಟ್ಟದ್ದು ಮಾವ. ಆ ಒಂದು ಮಾತನ್ನು ಇಟ್ಟುಕೊಂಡು ಭಾವ ಎಲ್ಲ ಮದುವೆ ಮುಂಜಿಗಳಲ್ಲೂ ಇವರನ್ನು ಆಡಿಕೊಳ್ಳುತ್ತಿದ್ದರಂತೆ. ಟೀವಿಯ ಸುದ್ದಿ ಕೇಳಿ, ನಮ್ಮಪ್ಪನ ಮರಗಳನ್ನ ತೋರಿಸ್ತಾರೆ, ಮಧ್ಯೆ ಇವನು ಅಡ್ಡ ನಿಂತಿರ್ತಾನೆ ಅಂದಿದ್ದರಂತೆ.

"ಶುಕ್ರವಾರ ಭಾವನ್ನ ಮನೆಗೆ ಕರ್ದಿದೀನಿ ಸ್ವಾಮಿ," ಅಂದರು ಗೌಡರು. "ಬೇರೆ ಯಾರು ನೋಡ್ದೇ ಇದ್ರೂ ಪರವಾಗಿಲ್ಲ. ಅವರು ಮಾತ್ರ ನೋಡ್ಲೇಬೇಕು."

ಏನೋ ತಿರುಗೇಟು ಇಟ್ಟುಕೊಂಡಿದ್ದಾರೆ ಅನ್ನಿಸಿತು. ದೇವರ ದಯೆಯಿಂದ ಆಗುತ್ತದೆ, ಗುರುವಾರ ಬಂದು ಕಟ್ಟಿಕೊಡುತ್ತೇನೆ ಎಂದು ಮಾತು ಕೊಟ್ಟೆ.

ಈಶಾನ್ಯ ಮೂಲೆ

ಮಾರನೆಯ ದಿನ ಕ್ಯಾಲನೂರಿನಿಂದ ಫೋನು. ಡೇರಿಗೆ ಹಾಲು ಹಾಕುವ ಒಬ್ಬರ ಹೊಸ ಮನೆಗೆ ಹಿಂದಿನ ವಾರವಷ್ಟೇ ಆಂಟೆನಾ ಕಟ್ಟಿ, ಚೆನ್ನಾಗಿ ಚಿತ್ರ ಬರಿಸಿ ಬಂದಿದ್ದೆ. ಈಗ ಬರೀ ಕಪ್ಪಂತೆ.

ಮಾಳಿಗೆ ಹತ್ತಿ ನೋಡಿದರೆ ನನ್ನ ಆಂಟೆನಾ ಪೂರ್ತಿ ಹಿಂದಕ್ಕೆ ತಿರುಗಿ ಈಶಾನ್ಯಕ್ಕೆ ಮುಖ ಮಾಡಿ ನಿಂತಿದೆ. ಅದರ ಕಡ್ಡಿಗಳಿಗೆ ನಿಂಬೆಹಣ್ಣು, ಮೆಣಸಿನಕಾಯಿ. ತುದಿಯಲ್ಲಿ ನೇತಾಡುವ ಒಂದು ದೊಡ್ಡ ಬೂದುಗುಂಬಳಕಾಯಿ. ಆ ಭಾರಕ್ಕೆ ಕಂಬ ತಲೆ ತಗ್ಗಿಸಿತ್ತು.

ಯಜಮಾನರು ಸಮಾಧಾನವಾಗಿ ವಿವರಿಸಿದರು. ವಾಸ್ತು ನೋಡುವವರು ಬಂದಿದ್ದರಂತೆ. ಮನೆಯ ನೆತ್ತಿಯ ಮೇಲಿರುವ ವಸ್ತು ಪಶ್ಚಿಮಕ್ಕೆ ಮುಖ ಮಾಡಿದರೆ ಮನೆಯ ಲಕ್ಷ್ಮಿಗೆ ದಾರಿ ತೋರಿಸಿದ ಹಾಗೆ ಅಂದರಂತೆ. ನನಗೂ ಇಂಥದ್ದರಲ್ಲಿ ನಂಬಿಕೆ ಇದೆ, ಪಂಚಾಂಗ ನೋಡದೆ ಮೊಳೆ ಹೊಡೆಯುವವನಲ್ಲ. ಆದ್ದರಿಂದ ನಯವಾಗಿಯೇ ತಿಳಿಸಿದೆ. ಟವರು ಇರುವುದು ಪಶ್ಚಿಮಕ್ಕೆ, ಅದರ ಕಡೆ ತಿರುಗದೆ ಚಿತ್ರ ಬರುವುದಿಲ್ಲ ಎಂದೆ.

ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ನೀವೊಂದು ಮಾತು ಹೇಳಿ ನೋಡಿ ಸ್ವಾಮಿ, ಟವರ್ನ ಈ ಕಡೆ ಹಾಕ್ಕೊಳ್ಲಿ. ಈಶಾನ್ಯಕ್ಕೆ ನಮ್ದೇ ಹೊಲ ಇದೆ, ನಾವೇನೂ ಬೇಡ ಅನ್ನಲ್ಲ," ಅಂದರು.

ಟೇಕಲ್ಲಿನಲ್ಲಿ ಗುರುದರ್ಶನ

ಟೇಕಲ್ಲಿನ ಬೆಟ್ಟ ನೋಡುವುದಕ್ಕೆ ಚೆಂದ, ಸಿಗ್ನಲಿಗೆ ಮಾತ್ರ ಗೋಡೆ. ಬೆಟ್ಟದ ಬುಡದ ಮನೆಯೊಂದರಲ್ಲಿ ಬೆಳಿಗ್ಗೆಯಿಂದ ಹೆಣಗುತ್ತಿದ್ದೆ. ಮನೆಯಾಕೆ ಟೀವಿಯ ಮುಂದೆ ನಿಂತು, ಬಂತು ಅಣ್ಣ, ಹೋಯ್ತು ಅಣ್ಣ ಎಂದು ಕೂಗಿ ಕೂಗಿ ಕಡೆಗೆ ಗಂಟಲು ಕಟ್ಟಿ ಕೈಸನ್ನೆಗೆ ಇಳಿದಿದ್ದರು.

ನೀರು ಕುಡಿಯಲು ಕೆಳಗಿಳಿದೆ. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಬಂದ ಒಂದು ಗಡವ ಕೋತಿ ಆಂಟೆನಾಗೆ ಜೋತುಬಿದ್ದು ಜೋರಾಗಿ ಎರಡು ಜೀಕು ಜೀಕಿತು. ಕಂಬ ಲಟಕ್ಕೆಂದು ಬಾಗಿತು. ಒಳಗಿನಿಂದ ಆ ಕಟ್ಟಿದ ಗಂಟಲಲ್ಲೇ ಕೂಗು ಬಂತು: "ಬಂತು ಅಣ್ಣ."

ಹೋಗಿ ನೋಡಿದರೆ ಎಲ್ಲ ಚಾನೆಲ್ಲೂ ಕನ್ನಡಿ. ಕಂಬ ನೆಟ್ಟಗೆ ಮಾಡೋಣವೆಂದು ಏಣಿಗೆ ಕಾಲಿಟ್ಟರೆ ಆಕೆ ಬಂದು ಏಣಿ ಹಿಡಿದುಕೊಂಡರು. ಆಂಜನೇಯಸ್ವಾಮಿಯೇ ಬಂದು ಮಾಡಿ ಕೊಟ್ಟಿರೋದು, ನೀವು ಮುಟ್ಟಬೇಡಿ ಅಂದರು. ನನಗೆಂದು ತಟ್ಟೆಯಲ್ಲಿ ಜೋಡಿಸಿದ್ದ ಬಾಳೆಹಣ್ಣು, ತೆಂಗಿನಕಾಯಿ, ವೀಳ್ಯದೆಲೆಗಳನ್ನು ಹಾಗೇ ಎತ್ತಿ ಕಾಂಪೌಂಡಿನ ಮೇಲಿಟ್ಟು ಕೋತಿಗೆ ಕೈ ಮುಗಿದರು.

ನಾನು ಶನಿವಾರ ಶನಿವಾರ ಆಂಜನೇಯನಿಗೆ ಉಪವಾಸ ಇರುವವನು. ಯಾರ ಹತ್ತಿರ ದೂರು ಹೇಳಲಿ? ನಾನೂ ಕೈ ಮುಗಿದೆ. ಅದು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಹಣ್ಣು ತಿಂದು, ಸಿಪ್ಪೆಯನ್ನು ನನ್ನ ಟೂಲ್ ಬ್ಯಾಗಿನೊಳಕ್ಕೆ ಎಸೆದು ಹೋಯಿತು. ಅದೇ ಹೊತ್ತಿಗೆ ಬೇಲಿಯ ಹತ್ತಿರದಿಂದ ಗೌಡರ ಫೋನು. ಗುರುವಾರಕ್ಕೆ ನೀವೇ ತಾನೆ ಸ್ವಾಮಿ ಬರೋದು ಅಂದರು. ನನಗಿಂತ ಚೆನ್ನಾಗಿ ಕೆಲಸ ಬಲ್ಲವರು ಇದ್ದಾರೆ, ಆದರೆ ಕರೆದರೆ ಬರುವವರಲ್ಲ ಅಂದೆ.

ದೂರದಿಂದ ಬರಬೇಕಲ್ಲ

ಮುಳಬಾಗಿಲಿನ ಒಂದು ಮನೆಯ ಅಜ್ಜಿ ಹೇಳಿಕಳಿಸಿದ್ದರು. ಮನೆಮಾತು ತೆಲುಗು. ಆಂಟೆನಾದ ಕಂಬ ಇನ್ನಷ್ಟು ಎತ್ತರ ಮಾಡಿಕೊಡಬೇಕಂತೆ. ಹೋಗಿ ನೋಡಿದರೆ ಆಂಟೆನಾ ಪೂರ್ವಕ್ಕೆ ತಿರುಗಿದೆ, ಟೀವಿ ಕಪ್ಪಗಿದೆ, ಆ ಕಪ್ಪಿನ ಮುಂದೆ ಅಜ್ಜಿ ಎಲೆ ಅಡಿಕೆ ಹಾಕಿಕೊಂಡು ನೆಮ್ಮದಿಯಾಗಿ ಕೂತಿದ್ದಾರೆ.

ಬೆಳಿಗ್ಗೆ ಸೊಸೆ ಪಶ್ಚಿಮಕ್ಕೆ ತಿರುಗಿಸಿ ಕನ್ನಡ ನೋಡುತ್ತಾಳಂತೆ. ಮಧ್ಯಾಹ್ನ ಊಟವಾದ ಮೇಲೆ ಅತ್ತೆ ಪೂರ್ವಕ್ಕೆ ತಿರುಗಿಸುತ್ತಾರಂತೆ, ತೆಲುಗಿಗೆ. "ಆಂಧ್ರಾ ಆ ಪಕ್ಕನೇ ಕದಾ ನಾಯನಾ," ಅಂದರು ನನಗೆ, ಆಂಧ್ರ ಆ ಕಡೆಯೇ ಅಲ್ಲವೇ, ಇಷ್ಟೂ ತಿಳಿಯದೇ ಎನ್ನುವ ಹಾಗೆ.

ಎಷ್ಟು ದಿನದಿಂದ ಹೀಗೆ ಎಂದು ಕೇಳಿದೆ. ಯುಗಾದಿಯಿಂದ ಅಂದರು. ನಾನು ದಂಗಾಗಿ, ಇಷ್ಟು ದಿನದಲ್ಲಿ ಒಮ್ಮೆಯಾದರೂ ಏನಾದರೂ ಬಂತೇ ಅಮ್ಮಾ ಅಂದೆ. ಅಜ್ಜಿ ಕಪ್ಪು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ವಸ್ತುಂದಿ. ದೂರದಿಂದ ರಾವಾಲಿ ಕದಾ." ಬರುತ್ತೆ, ದೂರದಿಂದ ಬರಬೇಕಲ್ಲ.

ದೇವಸ್ಥಾನಗಳಲ್ಲಿ ಎಷ್ಟೋ ಭಕ್ತರನ್ನು ಕಂಡಿದ್ದೇನೆ, ಇಂಥ ನಂಬಿಕೆ ಕಂಡಿಲ್ಲ. ಅಜ್ಜಿಗೆ ಸತ್ಯ ತಿಳಿಸಿ ಆಂಟೆನಾ ಸರಿಮಾಡೋಣವೆಂದು ಎದ್ದೆ. ಸೊಸೆ ಕಾಫಿ ಕೊಡುವ ನೆವದಲ್ಲಿ ಬಾಗಿ ಪಿಸುಗುಟ್ಟಿದಳು: "ಹಂಗೇ ಬಿಟ್ಬಿಡಿ ಅಣ್ಣ. ಮಧ್ಯಾಹ್ನ ಪೂರ್ತಿ ಮೂರು ಗಂಟೆ ಈ ಮನೇಲಿ ಯಾರೂ ನನ್ನ ಬೈಯಲ್ಲ."

ಗಾಡಿಗೆ ಏರಿದ ಮಾಲು

ಗುರುವಾರ ಗೌಡರ ತೋಟಕ್ಕೆ ಹೋದೆ. ಮಾಳಿಗೆಯ ಮೇಲೆ ಎಷ್ಟು ಉದ್ದದ ಕಂಬ ನಿಲ್ಲಿಸಿದರೂ ಸುತ್ತಲಿನ ಮರಗಳು ಅದಕ್ಕಿಂತ ಎತ್ತರ. ಕಡೆಗೆ ಅಂಗಳದ ಹಳೇ ಮಾವಿನ ಮರದ ನೆತ್ತಿಗೇ ಆಂಟೆನಾ ಕಟ್ಟಿದೆ. ಚಿತ್ರ ಬಂತು, ಹೊಳೆಯುವಂಥ ಚಿತ್ರ. ಗೌಡರ ಕಣ್ಣಲ್ಲಿ ನೀರು ಬಂತು.

ಶುಕ್ರವಾರ ಸಂಜೆ ಅವರ ಬಲವಂತಕ್ಕೆ ನಾನೂ ಹೋದೆ. ಭಾವ ಬಂದಿದ್ದರು. ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬರಬೇಕು, ಅಷ್ಟು ಎತ್ತರದ ಮನುಷ್ಯ. ಮುಂದಿನ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ಟೀವಿ ಗಟ್ಟಿಮುಟ್ಟಾಗಿದೆಯಾ, ಇವನ ಮುಖ ತಡ್ಕೊಳ್ಳುತ್ತಾ ಎಂದು ನನ್ನನ್ನು ಕೇಳಿದರು. ಗೌಡರು ನಕ್ಕು ಟೀವಿ ಹಾಕಿದರು.

ಕಾರ್ಯಕ್ರಮ ಶುರುವಾಯಿತು. ಇಸ್ತ್ರಿ ಅಂಗಿಯಲ್ಲಿ ಗೌಡರು ಬಂದರು. ಸೊಗಸಾಗಿ ಮಾತಾಡುತ್ತಿದ್ದರು. ಫಸಲು ಗುತ್ತಿಗೆಗೆ ಕೊಟ್ಟ ಮೇಲೆ ಮಾತಿಗೆ ನಿಲ್ಲಬೇಕು, ಮರ ನಮ್ಮದಾದರೂ ಮರದ ಮೇಲಿರೋದು ವ್ಯಾಪಾರಿಯದು, ಅದಕ್ಕೆ ನಾವು ಕೈ ಹಾಕಬಾರದು ಅಂದರು. ಅಂದ ಕ್ಷಣಕ್ಕೆ ಟೀವಿ ಕಪ್ಪಾಯಿತು.

ಓಡಿ ಅಂಗಳಕ್ಕೆ ಬಂದೆ, ಹಿಂದೆಯೇ ಗೌಡರು, ಭಾವ. ಮರದ ಮೇಲೆ ಆಂಟೆನಾ ಇಲ್ಲ. ಆ ವರ್ಷದ ಫಸಲು ಹಿಡಿದಿದ್ದ ವ್ಯಾಪಾರಿ ಸಾಹೇಬರ ಆಳುಗಳು ಕಾಯಿ ಇಳಿಸುತ್ತಿದ್ದರು. ಮೇಲಿನ ಕೊಂಬೆಗೆ ಅಡ್ಡವಾಗಿದ್ದ ಆಂಟೆನಾವನ್ನು ವೈರಿನ ಸಮೇತ ಹುಷಾರಾಗಿ ಬಿಚ್ಚಿ, ಇಳಿಸಿ, ಕ್ರೇಟುಗಳ ಜೊತೆ ಟೆಂಪೋಗೆ ಏರಿಸಿದ್ದರು.

ಸಾಹೇಬರು ನಮಾಜು ತಪ್ಪಿಸದ, ಆಡಿದ ಮಾತಿಗೆ ನಿಲ್ಲುವ ಮನುಷ್ಯ. ಜಗಳ ಮಾಡಲಿಲ್ಲ. ಟೀವಿಯ ಸದ್ದು ಅಂಗಳಕ್ಕೂ ಕೇಳುತ್ತಿತ್ತು. "ಗೌಡ್ರೇ, ಈಗ್ತಾನೆ ನೀವೇ ಹೇಳಿದ್ರಿ, ಮರದ ಮೇಲಿರೋದು ನಮ್ದು ಅಂತ. ಆದ್ರೂ ಇದು ನಿಮ್ದು, ನಮಗೆ ಬೇಡ," ಅಂದರು. "ಆದ್ರೆ ಗಾಡಿಗೆ ಏರಿದ ಮಾಲು ಮಾವಿನ ಮಂಡಿ ಮುಟ್ಟೋ ತನಕ ಕೆಳಗೆ ಇಳಿಸಲ್ಲ. ನಮ್ಮ ಅಬ್ಬಾ ಕಾಲದಿಂದ ಹಂಗೇ. ಇಳಿಸಿದ್ರೆ ಬರ್ಕತ್ ಹೋಗ್ತದೆ, ವ್ಯಾಪಾರ ಏಳಲ್ಲ."

ನಂಬಿಕೆಯ ಮಾತು ಬಂದ ಮೇಲೆ ನಾನು ಹೇಗೆ ವಾದ ಮಾಡಲಿ? ಗೌಡರು ತಲೆಯ ಮೇಲೆ ಕೈ ಹೊತ್ತು ಕೂತರು. ಇಳಿಸುವುದು ಬೇಡ, ಗಾಡಿಯ ಮೇಲೇ ಎತ್ತಿ ಹಿಡಿದರೆ ಆಗುತ್ತದೆಯೇ ಎಂದು ಕೇಳಿದೆ. ಅದಕ್ಕೆ ಅಡ್ಡಿಯಿಲ್ಲ ಅಂದರು ಸಾಹೇಬರು. ನಾನು ಹತ್ತಿ ಹಿಡಿದೆ, ಬರಲಿಲ್ಲ. ಆಳುಗಳು ಹಿಡಿದರು, ಬರಲಿಲ್ಲ. ಗಾಡಿದಾರಿಯ ಕಡೆ ಮರಗಳ ನಡುವೆ ಸಂದು ಇದೆ, ಎತ್ತರ ಮಾತ್ರ ಸಾಲದು. ಎಲ್ಲರೂ ಮೆಲ್ಲಗೆ ಭಾವನ ಕಡೆ ತಿರುಗಿದರು.

ಭಾವ ಗೊಣಗುತ್ತಾ ಹತ್ತಿದರು. ಕ್ರೇಟುಗಳ ಮೇಲೆ ನಿಂತು ಎರಡೂ ಕೈಯಲ್ಲಿ ಆಂಟೆನಾ ಎತ್ತಿದ್ದೇ ತಡ, ಒಳಗಿನಿಂದ ಗೌಡರ ಹೆಂಡತಿ "ಬಂತು" ಎಂದು ಕೂಗಿದರು. ನಾನು ಕೆಳಗೆ ಕ್ರೇಟು ಜಾರದಂತೆ ಹಿಡಿದುಕೊಂಡೆ. ಆಳುಗಳ ಗದ್ದಲದಲ್ಲಿ ಈಗ ಟೀವಿಯ ಮಾತು ನಮಗಿಬ್ಬರಿಗೂ ಕೇಳಿಸಲಿಲ್ಲ. ಒಳಗೆ ಭಾವನ ಖಾಲಿ ಕುರ್ಚಿಯಲ್ಲಿ ಸಾಹೇಬರು ಕೂತರು.

ಯಾರು ನೋಡಲೇಬೇಕಿತ್ತೋ ಅವರೊಬ್ಬರೇ ನೋಡದೆ ಕಾರ್ಯಕ್ರಮ ಮುಗಿಯಿತು.

ಗೌಡರ ಹೆಂಡತಿ ಸೆರಗಿನಿಂದ ಕಣ್ಣು ಒರೆಸುತ್ತಾ ಹೊರಗೆ ಬಂದರು. "ಅಣ್ಣಾ, ಟೀವೀಲಿ ಇವರು ನಿನ್ನ ಬಗ್ಗೆ ಹೇಳಿದ್ರು. ಮದುವೆಯಾದ ಹೊಸದರಲ್ಲಿ ಕಸಿ ಕಟ್ಟೋದು ಕೈ ಹಿಡಿದು ಕಲಿಸಿದ್ದು ನನ್ನ ಭಾವ, ಈ ತೋಟಕ್ಕೆ ಅವರೇ ಗುರು ಅಂದ್ರು."

ನಾನು ಬೆಚ್ಚಿದೆ. ತಿರುಗೇಟು ಎಂದುಕೊಂಡಿದ್ದು ಇದಾಗಿತ್ತು. ಭಾವ ಮಾತ್ರ ಟೆಂಪೋ ಮೇಲಿಂದಲೇ ನಕ್ಕುಬಿಟ್ಟರು. ಇನ್ನೂ ಸ್ವಲ್ಪ ಹೊತ್ತು ಹಿಡ್ಕೊಂಡು ನಿಲ್ಲಲಿ ಅಂತ ಪೂಸಿ ಹೊಡೀತಿದೀರಾ ಅಂದರು. ಸಾಹೇಬರು ಹೌದು ಅಂದರೂ ನಂಬಲಿಲ್ಲ, ನನ್ನ ಕಡೆ ತಿರುಗಿದರು. "ಸ್ವಾಮಿ, ನೀವು ದೇವರ ಮನುಷ್ಯ. ನಿಜವಾಗ್ಲೂ ಹಂಗಂದ್ನಾ?"

ನಾನು ಸುಳ್ಳು ಹೇಳುವವನಲ್ಲ. "ನಾನು ನೋಡ್ಲಿಲ್ಲ. ಕ್ರೇಟು ಹಿಡ್ಕೊಂಡಿದ್ದೆ," ಅಂದೆ.

ಮರುಪ್ರಸಾರ ಮಾರನೆಯ ಬೆಳಿಗ್ಗೆ ಎಂದು ತಿಳಿಯಿತು. ಭಾವ ಆ ಮನೆಯಲ್ಲಿ ಒಂದು ರಾತ್ರಿಯೂ ಉಳಿದವರಲ್ಲವಂತೆ, ಅಂದು ಉಳಿದರು. ಬೆಳಿಗ್ಗೆ ನಾನು ಹೋದಾಗ, ಮರುಪ್ರಸಾರ ಮುಗಿಯಲಿ ಎಂದು ಸಾಹೇಬರು ಟೆಂಪೋ ಇನ್ನೂ ಹೊರಡಿಸಿರಲಿಲ್ಲ, ಆಂಟೆನಾ ಕೆಳಗಿಳಿದಿರಲಿಲ್ಲ. ಈ ಸಲ ಗೌಡರೇ ಹತ್ತಿದರು. ಕುಳ್ಳ ಮನುಷ್ಯ, ಕಾಲ ಕೆಳಗೆ ಇನ್ನೂ ಕೆಲವು ಕ್ರೇಟು ಪೇರಿಸಿದೆವು. ಆಂಟೆನಾ ಎತ್ತಿ ಹಿಡಿದು ಆ ಕ್ರೇಟುಗಳ ಮೇಲೆ ತೂರಾಡುತ್ತಾ ನಿಂತರು. ಒಳಗೆ ಭಾವ ಒಬ್ಬರೇ ಟೀವಿಯ ಮುಂದೆ.

ಆ ಮಾತು ಬಂತು. ಅಂಗಳದಲ್ಲಿದ್ದ ನನಗೂ ಕೇಳಿಸಿತು. ಆಮೇಲೆ ಒಳಗೆ ಯಾರೋ ಜೋರಾಗಿ ಮೂಗು ಏರಿಸಿಕೊಂಡ ಸದ್ದು. ಕಾರ್ಯಕ್ರಮ ಮುಗಿದ ಸಂಗೀತವೂ ಕೇಳಿಸಿತು.

"ನೋಡಿದ್ರಾ ಭಾವ? ಇಳೀಲಾ?" ಎಂದು ಗೌಡರು ಮೇಲಿಂದ ಕೇಳಿದರು.

ಒಳಗಿನಿಂದ ಉತ್ತರ ಬಂತು: "ಅಲ್ಲಾಡದೆ ಹಂಗೇ ನಿಂತಿರಯ್ಯ. ಇನ್ನೊಂದು ಸಲ ಹೇಳ್ತೀಯೇನೋ ನೋಡೋಣ."

ಇಷ್ಟು ಹೊತ್ತು ನನ್ನ ಮಾತು ಕೇಳಿದ ಎಲ್ಲರನ್ನೂ ಆ ಭಗವಂತ ತಣ್ಣಗಿಟ್ಟಿರಲಿ. ನಿಮ್ಮ ಮನೆಯ ಚಿತ್ರ ಕಪ್ಪಾಗದಿರಲಿ. ನಿಮ್ಮ ಬಗ್ಗೆ ಯಾರಾದರೂ ಒಳ್ಳೆಯ ಮಾತಾಡುವ ಹೊತ್ತಿಗೆ ನೀವು ಟೆಂಪೋ ಮೇಲಲ್ಲ, ಒಳಗೆ ಕುರ್ಚಿಯಲ್ಲಿ ಕೂತಿರುವಂತಾಗಲಿ.