ದಾನಿಯೇಲಪ್ಪನ ಕಾಂಪೌಂಡು ಗೋಡೆ

ಗೋಡೆ ಕೆಡವಿಸಿದ ಮಾರನೆಯ ಬೆಳಿಗ್ಗೆ ಕಾಗದ ಬಂತು. ಒಂದೇ ಒಂದು ದಿನ ಮೊದಲು ಬಂದಿದ್ದರೆ ಉಪದೇಶಿ ದಾನಿಯೇಲಪ್ಪನ ಮೈರಕ್ತವೆಲ್ಲ ಹೀಗೆ ಅಂಗಾಲಿಗೆ ಇಳಿಯುತ್ತಿರಲಿಲ್ಲ.

ದಂಡಿನಶಿವರದ ಆಚೆಗಿದ್ದ ಆ ಹಳ್ಳಿಯಲ್ಲಿ ದಾನಿಯೇಲಪ್ಪ ಮಿಶನ್ನಿನ ಪರವಾಗಿ ಹನ್ನೊಂದು ವರ್ಷದಿಂದ ಇದ್ದ. ಒಂದು ಪ್ರಾರ್ಥನೆಯ ಮನೆ, ಒಂದು ಶಿಶುವಿಹಾರ, ಒಂದು ಔಷಧಿ ಪೆಟ್ಟಿಗೆ. ಜನ ಪ್ರಾರ್ಥನೆಗಿಂತ ಹೆಚ್ಚಾಗಿ ಜ್ವರದ ಮಾತ್ರೆಗೆ ಬರುತ್ತಿದ್ದರು. ಎಪ್ಪತ್ತಾರನೇ ಇಸವಿಯಿಂದ ಪ್ರತಿ ಡಿಸೆಂಬರಿನಲ್ಲೂ ಸಮುದ್ರದಾಚೆಯಿಂದ ಎಂಟು ಜನ ಬಿಳಿಯರ ತಂಡವೊಂದು ಬರುತ್ತಿತ್ತು. ಅವರು ಊರು ನೋಡಲು ಬರುತ್ತಿರಲಿಲ್ಲ, ದುಡಿಯಲು ಬರುತ್ತಿದ್ದರು. ಸ್ವಂತ ಖರ್ಚಿನಲ್ಲಿ ವಿಮಾನ ಹತ್ತಿ ಬಂದು, ಮೂರು ದಿನ ಬಿಸಿಲಲ್ಲಿ ಕಲ್ಲು ಹೊತ್ತು, ಅಂಗೈಯ ಬೊಬ್ಬೆಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ಸಂತೋಷವಾಗಿ ಹಿಂದಿರುಗುತ್ತಿದ್ದರು.

ಅವರಿಗೆ ಕೆಲಸ ಹುಡುಕಿಕೊಡುವುದೇ ದಾನಿಯೇಲಪ್ಪನಿಗೆ ದೊಡ್ಡ ಕೆಲಸ. ಬೆಂಗಳೂರಿನ ದೊಡ್ಡ ಪಾದ್ರಿಗಳು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: “ತಂಡಕ್ಕೆ ಕೆಲಸವಿಲ್ಲದ ಊರಿಗೆ ಉಪದೇಶಿಯೂ ಬೇಡ. ರಾಯಚೂರಿನ ಕಡೆ ಜಾಗ ಖಾಲಿ ಇದೆ.” ಇದ್ದ ಮನೆ ಮಿಶನ್ನಿನದು. ದೊಡ್ಡ ಮಗಳು ತುರುವೇಕೆರೆಯಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಳು, ಮಾರ್ಚಿಗೆ ಪರೀಕ್ಷೆ. ರಾಯಚೂರು ಎಂಬ ಹೆಸರು ಕೇಳಿದರೆ ದಾನಿಯೇಲಪ್ಪನಿಗೆ ಬಾಯಿ ಒಣಗುತ್ತಿತ್ತು.

ಮೊದಲ ತಂಡ ಕಾಂಪೌಂಡು ಗೋಡೆ ಕಟ್ಟಿತು. ಎರಡನೆಯದು ಅದಕ್ಕೆ ಸುಣ್ಣ ಹೊಡೆಯಿತು. ಮೂರನೆಯದು ಆ ಸುಣ್ಣ ಕೆರೆದು ಮತ್ತೆ ಸುಣ್ಣ ಹೊಡೆಯಿತು. ಈ ಸಲ ಏನು ಎಂದು ತಿಂಗಳುಗಟ್ಟಲೆ ಯೋಚಿಸಿ, ಕೊನೆಗೆ ದಾನಿಯೇಲಪ್ಪ ಗಾರೆ ಕೆಲಸದ ಕೆಂಚಯ್ಯನನ್ನು ಕರೆಸಿ ಗೋಡೆಯನ್ನೇ ಕೆಡವಿಸಿದ್ದ. ಬಿದ್ದ ಗೋಡೆ ಕಟ್ಟಿಕೊಡಿ ಎಂದರಾಯಿತು.

ದೊಡ್ಡ ಪಾದ್ರಿಗಳ ಕಾಗದದಲ್ಲಿ ಹೀಗಿತ್ತು: “ಈ ಸಲದ ತಂಡದಲ್ಲಿ ಹೆರಾಲ್ಡ್ ದೊರೆಗಳು ಬರುತ್ತಿದ್ದಾರೆ. ಮೂರು ವರ್ಷದ ಹಿಂದೆ ನಿಮ್ಮ ಗೋಡೆ ಕಟ್ಟಿದವರು ಇವರೇ. ಇವರಿಗೆ ಹಗಲಿರುಳೂ ಅದೇ ಧ್ಯಾನ. ವಿಮಾನದಿಂದ ಇಳಿದವರು ಮೊದಲು ಕೇಳಿದ್ದೇ ಗೋಡೆ ಹೇಗಿದೆ ಎಂದು. ಗುರುವಾರ ನಾಲ್ಕು ಗಂಟೆಗೆ ತಲುಪುತ್ತಾರೆ.”

ಆ ದಿನವೇ ಗುರುವಾರ.

“ಸುವಾರ್ತಾ, ನಾನು ಕೆಟ್ಟೆ ಕಣೇ!”

ಹೆಂಡತಿ ಸುವಾರ್ತಮ್ಮ ಕಾಗದ ಓದಿ ಹಣೆ ಚಚ್ಚಿಕೊಂಡಳು. “ಕೋಳಿಗೂಡು ಕೆಡವ್ಸಿ ಅಂತ ಬಡ್ಕೊಂಡೆ. ಕೇಳುದ್ರಾ? ನಿಮಗೆ ದೊಡ್ಡದೇ ಆಗ್ಬೇಕು!”

ಅಷ್ಟರಲ್ಲಿ ಪಕ್ಕದ ತೋಟದ ಸದಾಶಿವಯ್ಯ ಬೇವಿನಕಡ್ಡಿ ಅಗಿಯುತ್ತ ಬಂದ. ಎದುರುಮನೆ ಚಿಕ್ಕಗೌರಮ್ಮ ಪೊರಕೆ ಸಮೇತ ಬಂದಳು. ವಿಷಯ ತಿಳಿಯಿತು.

“ಮಳೆಗೆ ಬಿತ್ತು ಅನ್ನಿ,” ಎಂದ ಸದಾಶಿವಯ್ಯ.

“ಈ ತಿಂಗಳು ಒಂದ್ ಹನಿನಾದ್ರೂ ಬಿದ್ದೈತಾ?” ಎಂದ ದಾನಿಯೇಲಪ್ಪ.

“ಆನೆ ನುಗ್ಗಿತ್ತು ಅನ್ರೀ,” ಎಂದಳು ಚಿಕ್ಕಗೌರಮ್ಮ.

“ಈ ಸೀಮೇಲಿ ಆನೆ ಎಲ್ಲಿಂದ ಬರ್ಬೇಕಮ್ಮ?”

“ಅವ್ರಿಗೇನ್ ಗೊತ್ತು? ಈ ದೇಶ ಅಂದ್ರೆ ಆನೆ ಅಂತ್ಲೇ ತಿಳ್ಕಂಡು ಬತ್ತಾರೆ.”

“ಸುಳ್ಳು ಹೇಳೋದು ಪಾಪ ಕಣಮ್ಮ.”

“ಓಹೋ, ನೀವೇ ಕೆಡವ್ಸಿ ಬಿತ್ತು ಅನ್ನೋದು ಪುಣ್ಯವೋ?”

ನಿನ್ನೆಯ ಕೂಲಿ ಕೇಳಲು ಬಂದಿದ್ದ ಕೆಂಚಯ್ಯನೇ ಮುಂದೆ ಬಂದ. “ಹೆದರ್ಬೇಡಿ ಸ್ವಾಮಿ, ಹಂಗೇ ಎತ್ತಿ ನಿಲ್ಲುಸ್ತೀನಿ ಬುಡಿ. ನಾಕು ಗಂಟೆ ಒಳ್ಗೆ ಗೋಡೆ. ಎಲ್ಲಿ, ಕಲ್ಲು ತೋರ್ಸಿ.”

ಎಲ್ಲರೂ ತಿರುಗಿ ನೋಡಿದರು. ನಿನ್ನೆ ರಾಶಿ ಬಿದ್ದಿದ್ದ ಜಾಗದಲ್ಲಿ ಬರೀ ಮಣ್ಣಿತ್ತು. ಸದಾಶಿವಯ್ಯ ಕಡ್ಡಿಯನ್ನು ಬಹಳ ಶ್ರದ್ಧೆಯಿಂದ ಅಗಿಯತೊಡಗಿದ. ಚಿಕ್ಕಗೌರಮ್ಮ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

“ಯಾರ್ಗೂ ಬ್ಯಾಡದ್ ಕಲ್ಲು ಅಂದ್ಕಂಡೆ,” ಎಂದಳು ಕೊನೆಗೆ. “ಬಚ್ಚಲಿಗೆ ನಾಕೇ ನಾಕು. ಸದಾಶಿವಣ್ಣ ಗಾಡೀಲಿ ಹೊಡ್ದ.”

“ಲೇ, ಉಪದೇಶಿ ವರ್ಗ ಆದ್ರೆ ನಾಳೆಯಿಂದ ಮಾತ್ರೆ ಯಾರ್ ಕೊಡ್ತಾರ್ಲಾ?” ಎಂದು ಕೆಂಚಯ್ಯ ಬೀದಿಯುದ್ದಕ್ಕೂ ಕೂಗಿಕೊಂಡು ಹೋದ. ಮಾತ್ರೆಯ ಮಾತು ನಾಟಿತು. ತಲೆಯ ಮೇಲೆ, ಗಾಡಿಯ ಮೇಲೆ, ಸೊಂಟದ ಮೇಲೆ ಕಲ್ಲುಗಳು ವಾಪಸು ಬಂದವು. ಬಂದದ್ದು ಅರ್ಧ ಮಾತ್ರ. ಉಳಿದರ್ಧ ರಾತ್ರೋರಾತ್ರಿ ಕೊಟ್ಟಿಗೆಗಳ ತಳಪಾಯ ಸೇರಿತ್ತು.

ಗಂಟೆ ಹನ್ನೊಂದಾಯಿತು. ಕೆಂಚಯ್ಯ ತಲೆ ಕೆರೆದುಕೊಂಡು ಸದಾಶಿವಯ್ಯನ ತೋಟದ ಕಡೆ ನೋಡಿದ. ಅಲ್ಲಿ ತೆಂಗಿನಕಾಯಿ ಸುಲಿದ ನಾರಿನ ಮಟ್ಟೆ ಗುಡ್ಡದಂತೆ ಬಿದ್ದಿತ್ತು. ಅದನ್ನೇ ಹೊರಿಸಿ ತಂದ.

“ಇದೇನಪ್ಪ, ಗೋಡೆ ಕಟ್ತಿದ್ದೀಯೋ ಹಾಸಿಗೆ ಹೊಲೀತಿದ್ದೀಯೋ?” ಎಂದ ದಾನಿಯೇಲಪ್ಪ.

“ಈ ಕಡೆ ಕಲ್ಲು, ಆ ಕಡೆ ಕಲ್ಲು, ನಡುವೆ ಮಟ್ಟೆ. ಹೊಟ್ಟೆ ಒಳ್ಗೇನೈತೆ ಅಂತ ಯಾರ್ ನೋಡ್ತಾರೆ ಸ್ವಾಮಿ?”

“ಎಷ್ಟು ದಿನ ನಿಲ್ಲುತ್ತೆ?”

“ದಿನದ ಮಾತಾಡ್ಬೇಡಿ. ದೊರೆ ಎಷ್ಟೊತ್ತು ನೋಡ್ತಾರೆ ಅದ್ ಹೇಳಿ.”

ತಂಡದ ಕೆಲಸಕ್ಕೆ ನಾಳೆ ಕೋಳಿಗೂಡು ಕೆಡವಿದರಾಯಿತು, ಇವತ್ತು ಮಾನ ಉಳಿಯಲಿ ಎಂದು ದಾನಿಯೇಲಪ್ಪ ತಾನೂ ಪಂಚೆ ಮೇಲೆ ಕಟ್ಟಿ ಮಣ್ಣು ತುಳಿದ. ಮೂರೂವರೆಗೆ ಗೋಡೆ ಎದ್ದಿತು. ಹಸಿ ಮಣ್ಣಿನ ಮೇಲೆ ಸುಣ್ಣ ಬಿತ್ತು. ನೋಡಲು ಮದುವಣಗಿತ್ತಿಯಂತೆ ಇತ್ತು, ಮುಟ್ಟಿದರೆ ಬೇಯದ ಇಡ್ಲಿಯಂತೆ.

ನಾಲ್ಕಕ್ಕೆ ಸರಿಯಾಗಿ ವ್ಯಾನು ಬಂತು. ಮೊದಲು ಇಳಿದವರೇ ಹೆರಾಲ್ಡ್ ದೊರೆ. ಯಾರಿಗೂ ಕೈ ಮುಗಿಯದೆ ನೇರ ಗೋಡೆಯ ಹತ್ತಿರ ಹೋಗಿ, ಒಂದು ಕಣ್ಣು ಮುಚ್ಚಿ ಅದರ ಉದ್ದಕ್ಕೂ ನೋಡಿದರು. ಕೂತು ನೋಡಿದರು. ಎದ್ದು ನೋಡಿದರು. ದಾನಿಯೇಲಪ್ಪನಿಗೆ ಪೊಲೀಸರ ಮುಂದೆ ನಿಂತಂತಾಯಿತು. ತಂಡದ ಒಬ್ಬಾಕೆ ಗೋಡೆಗೆ ಒರಗಲು ಹೋದಾಗ ಅವನು ಹಾರಿ ನಡುವೆ ನಿಂತು, “ಸುಣ್ಣ! ಸುಣ್ಣ ಅಂಟುತ್ತೆ!” ಎಂದು ಇಂಗ್ಲಿಷು ಮರೆತು ಕಿರುಚಿದ.

“ಇದು ನನ್ನ ಗೋಡೆಯಲ್ಲ,” ಎಂದರು ದೊರೆ ತಮ್ಮ ಭಾಷೆಯಲ್ಲಿ.

ದಾನಿಯೇಲಪ್ಪ ಮಣ್ಣಾದ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡ. “ಊರವರು... ಊರವರೇ ಮತ್ತೆ ಕಟ್ಟಿದರು,” ಎಂದು ಇದ್ದುದರಲ್ಲಿ ನಿಜವನ್ನೇ ತೊದಲಿದ.

ದೊರೆಯ ಕಣ್ಣಲ್ಲಿ ನೀರು ಬಂತು. ಅವನನ್ನು ಬಾಚಿ ತಬ್ಬಿಕೊಂಡರು. “ನಾನು ಕಟ್ಟಿದ ಗೋಡೆ ಬೀದಿಯ ಕಡೆಗೆ ವಾಲಿತ್ತು. ನಾಚಿಕೆಯಾಗಿ ಯಾರಿಗೂ ಹೇಳದೆ ಹೊರಟುಹೋದೆ. ಯಾವ ಮಗುವಿನ ಮೇಲೆ ಬೀಳುವುದೋ ಎಂದು ಮೂರು ವರ್ಷ ನಿದ್ದೆಯಿಲ್ಲ. ಅದನ್ನು ಕೆಡವಿ ಹೊಸದು ಕಟ್ಟಿ ಹೋಗಲೆಂದೇ ಬಂದೆ. ನೋಡಿ, ವ್ಯಾನಿನ ತುಂಬ ಸಿಮೆಂಟು! ನೀವೇ ಇಷ್ಟು ನೆಟ್ಟಗೆ ಕಟ್ಟಿಕೊಂಡಿದ್ದೀರಿ. ಇನ್ನು ಇಲ್ಲಿ ನಮಗೇನು ಕೆಲಸ?”

“ಕೋಳಿಗೂಡಿದೆ, ದೊರೆಗಳೇ! ತೀರಾ ಹಳೆಯದು!”

“ಇಂಥ ಗೋಡೆ ಕಟ್ಟಿದ ಊರಿಗೆ ಕೋಳಿಗೂಡು ಒಂದು ಲೆಕ್ಕವೇ?” ಎಂದು ದೊರೆ ನಕ್ಕು ಬೆನ್ನು ತಟ್ಟಿದರು. ಹುಳಿಯಾರಿನ ಕಡೆ ಗೋಡೆಯೇ ಇಲ್ಲದ ಶಾಲೆಯೊಂದಿದೆಯಂತೆ, ತಂಡ ಅಲ್ಲಿಗೆ ಹೋಗುವುದಂತೆ. ಇಷ್ಟು ಸಮರ್ಥ ಉಪದೇಶಿಯನ್ನು ಏನೂ ಇಲ್ಲದ ಸೀಮೆಗೆ ಕಳಿಸಬೇಕೆಂದು ಇವತ್ತೇ ಬೆಂಗಳೂರಿಗೆ ಬರೆಯುತ್ತಾರಂತೆ. ಹೀಗೆಂದು, ಕಾಫಿಯನ್ನೂ ಕುಡಿಯದೆ ವ್ಯಾನು ಹತ್ತಿದರು.

ವ್ಯಾನು ಹೊರಟಿತು. ಚಕ್ರದ ಅದುರಿಗೆ ಗೋಡೆ ಒಮ್ಮೆ ಹೊಟ್ಟೆ ಉಬ್ಬಿಸಿ, ನಿಟ್ಟುಸಿರು ಬಿಟ್ಟು, ಅಷ್ಟುದ್ದಕ್ಕೂ ಕುಳಿತುಕೊಂಡಿತು. ಮಟ್ಟೆಗಳು ಬೀದಿಗೆಲ್ಲ ಉರುಳಿದವು.

ದಾನಿಯೇಲಪ್ಪ ಒಂದು ಗಳಿಗೆ ನೋಡಿದ. ಆಮೇಲೆ ಪಂಚೆ ಎತ್ತಿಕಟ್ಟಿ, ಮತ್ತೆ ಇಂಗ್ಲಿಷು ಮರೆತು ಕೂಗುತ್ತ ವ್ಯಾನಿನ ಹಿಂದೆ ಓಡಿದ.

“ಬಿತ್ತು! ದೊರೆಗಳೇ, ಗೋಡೆ ಬಿತ್ತು! ಕೆಲಸ ಐತೆ, ಬನ್ನೀ!”

ಕಿಟಕಿಗಳೆಲ್ಲ ತೆರೆದವು. ಇಷ್ಟು ದೂರ ಓಡಿಬಂದು ಬೀಳ್ಕೊಡುವ ಇವನ ಪ್ರೀತಿ ಕಂಡು ತಂಡದವರ ಮನಸ್ಸು ತುಂಬಿಬಂತು. ಎಂಟೂ ಜನ, ತಿರುವಿನಲ್ಲಿ ಮರೆಯಾಗುವ ತನಕ, ಕೈ ಬೀಸುತ್ತಲೇ ಹೋದರು.