ಥ್ಯಾಂಕ್ಸ್ ಹೇಳಿ ಕೆಟ್ಟೆ

ಮೇಷ್ಟರಾದವರಿಗೆ ಕೆಲವು ಕಾಯಿಲೆಗಳು ಕೆಲಸದ ಜೊತೆಗೇ ಬರುತ್ತವೆ. ಇಂಗ್ಲಿಷ್ ಮೇಷ್ಟರಾದ ನನಗೆ ಬಂದದ್ದು ಥ್ಯಾಂಕ್ಸ್ ಹೇಳುವ ಕಾಯಿಲೆ. ತೊಂಬತ್ತರ ದಶಕದಲ್ಲಿ ನಂಜನಗೂಡಿನಿಂದ ಟಿ. ನರಸೀಪುರದ ಶಾಲೆಗೆ ದಿನವೂ ಬಸ್ಸಿನಲ್ಲಿ ಓಡಾಡುವಾಗ, ಸ್ಟಾಪ್ ದಾಟಿಸಿ ಇಳಿಸಿದ ಕಂಡಕ್ಟರಿಗೂ ಥ್ಯಾಂಕ್ಸ್ ಹೇಳುತ್ತಿದ್ದೆ. ಈ ಪದದ ಹುಟ್ಟು ಎಲ್ಲಿಯದೆಂದು ಒಮ್ಮೆ ಶಾಲೆಯ ದಪ್ಪ ನಿಘಂಟಿನಲ್ಲಿ ಹುಡುಕಿದೆ. ಯೋಚಿಸುವುದಕ್ಕೆ ಇಂಗ್ಲಿಷರು ಹೇಳುವ 'ಥಿಂಕ್' ಇದರ ಒಡಹುಟ್ಟಂತೆ. ಮೊದಲು ಬರೀ ಆಲೋಚನೆ ಎಂದಿದ್ದದ್ದು, ಆಮೇಲೆ ಒಳ್ಳೆಯ ಆಲೋಚನೆಯಾಗಿ, ಉಪಕಾರದ ನೆನಪಾಗಿ, ಕೊನೆಗೆ ಆ ನೆನಪನ್ನು ಬಾಯಲ್ಲಿ ಹೇಳುವುದಾಯಿತು. ನಮ್ಮ ಕಾಲಕ್ಕೆ ಬಟ್ಟೆ ಅಂಗಡಿಯ ಚೀಲದ ಮೇಲೆ ಅಚ್ಚಾಗಿ, 'ಕೆಲಸ ಆಯ್ತಲ್ಲ, ಹೊರಡಿ' ಎಂಬಲ್ಲಿಗೆ ಬಂದು ನಿಂತಿದೆ. ಇದನ್ನೆಲ್ಲ ತರಗತಿಯಲ್ಲಿ ಹೇಳಿ ನನ್ನನ್ನು ನಾನೇ ಮೆಚ್ಚಿಕೊಂಡಿದ್ದೆ.

ಆ ವರ್ಷ ನನ್ನ ಹೆಂಡತಿ ಸರೋಜ ಬಚ್ಚಲಲ್ಲಿ ಜಾರಿ ಕಾಲು ಮುರಿದುಕೊಂಡಳು. ಎರಡು ದಿನ ನನ್ನ ಅಡುಗೆಯನ್ನು ಸಹಿಸಿದಳು. ಮೂರನೆಯ ದಿನದಿಂದ ಪಕ್ಕದ ಮನೆಯ ಶಿವಮ್ಮನವರು, ಯಾರೂ ಕೇಳದೆಯೇ, ಬಿಸಿ ಮುದ್ದೆ, ಬಸ್ಸಾರು ತಂದಿಡತೊಡಗಿದರು. ಸರೋಜಳ ತಲೆ ಬಾಚಿ, ಪಕ್ಕದಲ್ಲಿ ಕೂತು ಹರಟಿ, ಅವಳನ್ನು ಒಂದು ದಿನವೂ ಅಳಲು ಬಿಡಲಿಲ್ಲ. ಆ ತಾಯಿಯನ್ನು ನೆನೆದರೆ ಈಗಲೂ ನನ್ನ ಕಣ್ಣು ತೇವವಾಗುತ್ತದೆ. ಸರೋಜ ಎದ್ದು ಓಡಾಡತೊಡಗಿದ ದಿನ, ನಾನು ಅವರ ಪಾತ್ರೆಯನ್ನು ಫಳಫಳ ಹೊಳೆಯುವಂತೆ ತೊಳೆದು, ಬಾಗಿಲಲ್ಲೇ ಕೈಗಿಟ್ಟು, ಥ್ಯಾಂಕ್ಸ್ ಹೇಳಿ ಬಂದೆ.

ಮರುದಿನದಿಂದ ಅವರು ನಮ್ಮ ಹೊಸಿಲು ತುಳಿಯಲಿಲ್ಲ. ಒಂದು ವಾರ ಬಾಗಿಲು ನೋಡಿ ನೋಡಿ ಸರೋಜ ಸಪ್ಪಗಾದಳು. ಕೊನೆಗೆ ನಡೆದದ್ದನ್ನು ನನ್ನ ಬಾಯಿಂದ ಹೊರಡಿಸಿ ಹಣೆ ಚಚ್ಚಿಕೊಂಡಳು.

"ಬರೀ ಪಾತ್ರೆ ಕೊಟ್ರಾ? ಒಂದ್ ಇಡಿ ಸಕ್ರೆನಾರ ಆಕ್ಬಾರ್ದಿತ್ತಾ? ಇನ್ ಬರ್ಬೇಡಿ ಅಂದಂಗಾಯ್ತಲ್ರೀ."

ಸಕ್ಕರೆ ಡಬ್ಬ ಹಿಡಿದು ಹೊರಟವನನ್ನು ಅವಳೇ ತಡೆದಳು. ಈಗ ಕೊಡಲು ಹೋದರೆ ಇನ್ನೂ ಕೆಡುತ್ತದೆ, ಏನಾದರೂ ಕೇಳಿಕೊಂಡು ಬನ್ನಿ ಎಂದು ನಮ್ಮದೇ ಖಾಲಿ ಪಾತ್ರೆ ಕೈಗಿಟ್ಟಳು. ಶಿವಮ್ಮನವರ ಬಾಗಿಲಲ್ಲಿ ನಿಂತು, ಬಸ್ಸಾರಿದ್ದರೆ ಒಂದು ಸೌಟು ಬೇಕಿತ್ತು ಎಂದು ತೊದಲಿದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಪಾತ್ರೆಯನ್ನು ನೋಡಿದರು.

"ಕೇಳಕೆ ಒಂದ್ ವಾರ ಬೇಕಾಯ್ತಾ ಮೇಷ್ಟ್ರೇ? ಕೊಡಿ ಇಲ್ಲಿ. ಸಂಜೆ ಬತ್ತೀನಿ ಅನ್ನಿ ಸರೋಜಂಗೆ."

ಪಾತ್ರೆ ಕಂಠಮಟ್ಟ ತುಂಬಿತು. ಹಾಳಾದ ಪದ ಗಂಟಲವರೆಗೆ ಬಂದಿತ್ತು, ನುಂಗಿಕೊಂಡೆ. ಮನೆಗೆ ಬಂದೊಡನೆ ಸರೋಜ, ಹೊರಡುವಾಗ ಅವರಿಗೆ ಏನಾದರೂ ಅಂದಿರಾ ಎಂದು ಅನುಮಾನದಿಂದ ಕೇಳಿದಳು. ಏನೂ ಅನ್ನಲಿಲ್ಲ ಎಂದೆ.

"ಸದ್ಯ, ಈಗ ಮಾತಾಡೋದ್ ಕಲ್ತ್ರಿ" ಎಂದಳು.