ನಮ್ಮ ಮನೆಯ ತೂತು ಕಾಗದಗಳು

ಎಲ್ಲವನ್ನೂ ಮೊದಲೇ ಯೋಚಿಸಿ, ಒಪ್ಪವಾಗಿ ಜೋಡಿಸಿಟ್ಟುಕೊಳ್ಳುವ ಮನೆಗಳಲ್ಲೇ ಇಲ್ಲಿ ಬರೆದಿರುವಂಥ ಪ್ರಸಂಗಗಳು ಹೆಚ್ಚು ನಡೆಯುತ್ತವೆ ಎಂಬುದು ನನ್ನ ಅನುಭವ. ನಮ್ಮ ಮನೆಯಲ್ಲಿ ಜೋಡಿಸಿಡುವ ಕೆಲಸ ನನ್ನದಾಗಿತ್ತು, ಮಿಕ್ಕದ್ದೆಲ್ಲ ನನ್ನ ಹೆಂಡತಿಯದು. ಅವಳು ತೀರಿಕೊಂಡು ಇದು ಎರಡನೆಯ ವರ್ಷ. ಮನೆಗೆ ಬಂದವರು ಅವಳ ವಿಷಯ ಎತ್ತುವಾಗ ದನಿ ತಗ್ಗಿಸುತ್ತಾರೆ. ಅವಳು ಯಾವತ್ತೂ ದನಿ ತಗ್ಗಿಸಿ ಮಾತಾಡಿದವಳಲ್ಲ. ಅದಕ್ಕಾಗಿ ಇವನ್ನು ಬರೆಯುತ್ತಿದ್ದೇನೆ.

೧. ಪರದೆ

ಕುಮಟಾದ ಶಾಲೆಯೊಂದರಲ್ಲಿ ನಾನು ಗಣಿತದ ಮಾಸ್ತರನಾಗಿದ್ದೆ. ಎಪ್ಪತ್ತರ ದಶಕದ ಒಂದು ಶನಿವಾರ, ಬೆಳಗಿನ ಶಾಲೆ ಮುಗಿಸಿ ಮನೆಗೆ ಬಂದಾಗ ಅನ್ನ ಬಸಿದಾಗಿತ್ತು, ಸಾರು ಕುದಿಯುತ್ತಿತ್ತು, ಹೊನ್ನಾವರದ ದರ್ಜಿಯೊಬ್ಬ ಜಗಲಿಯಲ್ಲಿ ಕೂತಿದ್ದ. ಬೇರೆ ವಿಶೇಷವೇನೂ ಇರಲಿಲ್ಲ. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ವೇದಿಕೆಯ ಪರದೆ ಹೊಲಿದವನು ಅವನೇ. ಅದರ ಅಂಚಿಗೆ ಗೇರುಹಣ್ಣಿನ ಗೊಂಚಲು ಬರೆದುಕೊಟ್ಟವಳು ನನ್ನ ಹೆಂಡತಿ. ಉಳಿದ ಅಂಚಿನ ತುಂಡನ್ನು ಅವನು ಭಟ್ಕಳದ ಬಟ್ಟೆ ಅಂಗಡಿಯ ಸಾಹೇಬರಿಗೆ ತೋರಿಸಿದ್ದನಂತೆ. ಮದುವೆಯ ಬಟ್ಟೆಗಳಿಗೆ ಕಸೂತಿ ಹಾಕಿಸುವ ಅಂಗಡಿ ಅದು. ಇದನ್ನು ಬರೆದವರು ನಮಗೂ ಬರೆದುಕೊಡುತ್ತಾರಾ ಎಂದು ಕೇಳಿಕಳಿಸಿದ್ದರು. ಒಂದೇ ಷರತ್ತು. ಡಿಸೈನು ಹೇಳಿದ ದಿನಕ್ಕೆ ಭಟ್ಕಳ ಮುಟ್ಟಬೇಕು. ಒಮ್ಮೆ ತಪ್ಪಿದರೆ ಕೆಲಸ ಮೊದಲಿನಂತೆ ಮುಂಬಯಿಯವರಿಗೆ ಹೋಗುತ್ತದೆ.

ಅವಳು ಮದುವೆಗೆ ಮುಂಚೆ ಡ್ರಾಯಿಂಗ್ ಪರೀಕ್ಷೆ ಪಾಸು ಮಾಡಿದ್ದಳು. ಮದುವೆಯ ನಂತರ ಅವಳ ಚಿತ್ರಗಳಿಗೆ ಸಿಕ್ಕ ಜಾಗವೆಂದರೆ ನನ್ನ ಹಳೆಯ ಪ್ರಶ್ನೆಪತ್ರಿಕೆಗಳ ಅಂಚು. ಒಪ್ಪಿಕೊಳ್ಳುವ ಮೊದಲು ಮನೆಕೆಲಸ, ಸಮಯ, ಜಾಗ ಎಲ್ಲವನ್ನೂ ನೋಡಿ ಯೋಚಿಸಬೇಕು ಎಂದು ನಾನು ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಆತು, ನೀವು ಯೋಚನೆ ಮಾಡಿ. ಅಷ್ಟರೊಳಗೆ ನಾನು ಒಂದು ಬರೀತೆ," ಎಂದಳು.

೨. ವೇಳಾಪತ್ರಿಕೆ

ಕೆಲಸ ಹೀಗಿತ್ತು. ತೆಳು ಕಾಗದದ ಮೇಲೆ ಡಿಸೈನು ಬರೆಯಬೇಕು. ಆಮೇಲೆ ಗೆರೆಯುದ್ದಕ್ಕೂ ಸೂಜಿಯಿಂದ ಒತ್ತಾಗಿ ತೂತು ಚುಚ್ಚಬೇಕು. ಅಂಗಡಿಯವರು ಆ ಕಾಗದವನ್ನು ಬಟ್ಟೆಯ ಮೇಲೆ ಹಾಸಿ, ಚಿಮಣಿ ಎಣ್ಣೆಯಲ್ಲಿ ಕಲಸಿದ ನೀಲಿಯನ್ನು ಅರಿವೆಯಿಂದ ತಿಕ್ಕುತ್ತಾರೆ. ಕಾಗದ ಎತ್ತಿದರೆ ಬಟ್ಟೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಹೂವು ಮೂಡಿರುತ್ತದೆ.

ಮೊದಲನೆಯ ಡಿಸೈನು ಭಟ್ಕಳದ ಬಸ್ಸು ಹತ್ತಿದ್ದು ಬಸ್ಸು ಹೊರಟ ಮೇಲೆ, ಕಿಟಕಿಯ ಮೂಲಕ. ಅದನ್ನು ಕೊಡಲು ಓಡಿದವನು ನಾನು. ಆ ಸಂಜೆಯೇ ಒಂದು ವೇಳಾಪತ್ರಿಕೆ ತಯಾರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಶಾಲೆಯದ್ದೇ ಮಾದರಿ. ಮೊದಲ ಪೀರಿಯಡ್ ಚಿತ್ರ, ಎರಡನೆಯದು ಅಡುಗೆ, ಮೂರನೆಯದು ಚುಚ್ಚುವುದು, ನಡುವೆ ಚಿಕ್ಕ ವಿರಾಮ. ಅವಳು ಗಮನವಿಟ್ಟು ಓದಿದಳು, ಒಂದು ತಪ್ಪನ್ನೂ ಹುಡುಕಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ರಜೆಯ ದಿನ ಬಂತು. ಅಡುಗೆಯ ಪೀರಿಯಡ್‌ನಲ್ಲಿ ಅವಳು ಇನ್ನೂ ಪೆನ್ಸಿಲ್ ಹಿಡಿದೇ ಕೂತಿದ್ದಳು. ವೇಳಾಪತ್ರಿಕೆಯತ್ತ ಬೆರಳು ತೋರಿಸಿದೆ. ಚಿತ್ರ ಮುಗಿದಿಲ್ಲ, ಹಾಗಾಗಿ ಅಡುಗೆಯ ಟೀಚರು ಇವತ್ತು ರಜೆ ಹಾಕಿದ್ದಾರೆ ಎಂದಳು. ನಿಮ್ಮ ಶಾಲೆಯಲ್ಲಿ ಟೀಚರೊಬ್ಬರು ರಜೆ ಹಾಕಿದರೆ ಆ ತರಗತಿಗೆ ಎಂತ ಮಾಡುತ್ತೀರಿ ಎಂದೂ ವಿಚಾರಿಸಿದಳು. ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವುದು ನನ್ನ ಅಭ್ಯಾಸ. ಪೀರಿಯಡ್ ಖಾಲಿ ಇರುವ ಇನ್ನೊಬ್ಬ ಮಾಸ್ತರರನ್ನು ಕಳಿಸುತ್ತೇವೆ ಎಂದೆ.

ಅವಳು ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ನೋಡಿದಳು. "ನಿಮಗೀಗ ಯಾವ ಪೀರಿಯಡ್?"

ತೆಂಗಿನಕಾಯಿ ತುರಿದೆ. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ವೇಳಾಪತ್ರಿಕೆ ಚಾಚೂ ತಪ್ಪದೆ ಜಾರಿಯಲ್ಲಿತ್ತು, ಡಿಸೈನುಗಳೂ ದಿನಕ್ಕೆ ಸರಿಯಾಗಿ ಹೋದವು. ನನ್ನ ಕೈ ಬೆಳ್ಳುಳ್ಳಿ ನಾರುವುದೇಕೆಂದು ಹೆಡ್‌ಮಾಸ್ತರರು ಒಮ್ಮೆ ಕೇಳಿದಾಗ, ಹೆಚ್ಚುವರಿ ತರಗತಿ ತೆಗೆದುಕೊಳ್ಳುತ್ತಿದ್ದೇನೆ ಎಂದೆ.

೩. ಸಾಹೇಬರ ಚಾಪೆ

ಕಡಲ ಗಾಳಿಗೆ ತೆಳು ಕಾಗದ ಸುರುಳಿಯಾಗುತ್ತದೆ. ಅದಕ್ಕೆ ನಾನು ರಟ್ಟಿನ ಫೈಲುಗಳನ್ನು ತಂದು ಅಕಾರಾದಿಯಾಗಿ ಹೆಸರು ಬರೆದಿಟ್ಟೆ. ಅವಳು ಆ ಫೈಲುಗಳಲ್ಲಿ ಹಪ್ಪಳ ಇಟ್ಟಳು. ಕಾಗದಗಳನ್ನು ಮಾತ್ರ ಭಾರದ ಸಾಮಾನುಗಳ ಕೆಳಗೆ ಇಡುತ್ತಿದ್ದಳು. ತಾವರೆ ಅಕ್ಕಿಡಬ್ಬಿಯ ಕೆಳಗೆ, ಮಲ್ಲಿಗೆಯ ಬಳ್ಳಿ ಹಾಸಿಗೆಯ ಕೆಳಗೆ, ನವಿಲುಗರಿ ನನ್ನ ನಿಘಂಟಿನ ಕೆಳಗೆ. ಯಾವುದು ಎಲ್ಲಿದೆಯೆಂದು ಅವಳಿಗೆ ಯಾವಾಗಲೂ ಗೊತ್ತಿರುತ್ತಿತ್ತು. ನನಗೆ ನಿಘಂಟು ತೆಗೆಯಲೂ ಅವಳ ಅಪ್ಪಣೆ ಬೇಕಿತ್ತು.

ಒಮ್ಮೆ ಶಾಲೆ ನೋಡಲು ಬಂದ ಇನ್‌ಸ್ಪೆಕ್ಟರ್ ಸಾಹೇಬರು ಮಧ್ಯಾಹ್ನದ ಮೇಲೆ ನಮ್ಮ ಮನೆಗೂ ಬಂದು ಚಾಪೆಯ ಮೇಲೆ ಕೂತರು. ತೂಕದ ಮನುಷ್ಯರು. ಅಷ್ಟರಲ್ಲಿ ಹೊನ್ನಾವರದ ದರ್ಜಿ ಬಾಗಿಲಿಗೆ ಬಂದ. ಆ ದಿನ ಭಟ್ಕಳಕ್ಕೆ ಮುಟ್ಟಬೇಕಾದ ಡಿಸೈನು ಒಯ್ಯಲು ಅವನು ಬಂದದ್ದು, ಬಸ್ಸಿಗೆ ಹೆಚ್ಚು ಹೊತ್ತಿರಲಿಲ್ಲ. ಹೆಂಡತಿ ಒಳಗಿನಿಂದ ನನ್ನ ಕಡೆ ನೋಡಿ, ಕಣ್ಣನ್ನು ಮೆಲ್ಲಗೆ ಚಾಪೆಯತ್ತ ಹೊರಳಿಸಿದಳು. ಡಿಸೈನು ಎಲ್ಲಿದೆಯೆಂದು ನನಗೆ ತಿಳಿಯಿತು.

ಮೇಲಧಿಕಾರಿಯನ್ನು ಏಳಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅವಳು ಹೊರಗೆ ಬಂದು, ಎಲ್ಲ ತಯಾರಾಗಿದೆ, ಸಾಹೇಬರು ಬಾವಿಕಟ್ಟೆಗೆ ಹೋಗಿ ಕೈಕಾಲು ತೊಳೆದು ಬರಬಹುದು ಎಂದಳು. ಇದು ಊಟದ ಹೊತ್ತಲ್ಲವಲ್ಲ ಎನ್ನುತ್ತಲೇ ಸಾಹೇಬರು ಎದ್ದರು. ಬಾವಿಯ ರಾಟೆ ಕಿರುಗುಟ್ಟುವಷ್ಟರಲ್ಲಿ ಡಿಸೈನು ದರ್ಜಿಯ ಕಂಕುಳಲ್ಲಿತ್ತು. ಸಾಹೇಬರು ಮರಳಿ ಬಂದು ಪಂಕ್ತಿಗೆ ಕೂತಂತೆ ಚಕ್ಕಳಮಕ್ಕಳ ಹಾಕಿ ಕೂತರು. ಮನೆಯಲ್ಲಿ ಇದ್ದದ್ದು ಅವಲಕ್ಕಿ.

ಅವರು ಗಂಭೀರವಾಗಿ ಅವಲಕ್ಕಿ ತಿಂದರು. ಹೊರಡುವಾಗ, ತಿಂಡಿಗೂ ಕೈಕಾಲು ತೊಳೆಸುವ ಪದ್ಧತಿ ಬಹಳ ಒಳ್ಳೆಯದು ಎಂದರು. ಮುಂದಿನ ತಿಂಗಳು ಶಾಲೆಗೆ ಸೂಚನೆ ಬಂತು. ಮಕ್ಕಳು ತಿಂಡಿಗೆ ಮೊದಲು ಕಡ್ಡಾಯವಾಗಿ ಕೈಕಾಲು ತೊಳೆಯತಕ್ಕದ್ದು. ಅದನ್ನು ಪಾಲಿಸುವಂತೆ ನೋಡಿಕೊಳ್ಳುವ ಹೊಣೆ ನನ್ನ ಮೇಲೆ ಬಿತ್ತು.

೪. ಬಾಡದ ಬಳ್ಳಿ

ಎಂಬತ್ತರ ದಶಕದ ಆರಂಭದಲ್ಲಿ ಭಟ್ಕಳದ ಸಾಹೇಬರ ಮಗಳ ಮದುವೆ ಗೊತ್ತಾಯಿತು. ಮದುಮಗಳ ದುಪಟ್ಟಾದ ಅಂಚಿಗೆ ನನ್ನ ಹೆಂಡತಿ ಹೊಸದೊಂದು ಬಳ್ಳಿ ಬರೆದು, ಚುಚ್ಚಿ ಕಳಿಸಿದಳು. ಅಷ್ಟು ಮನಸ್ಸಿಟ್ಟು ಬೇರೆ ಯಾವುದನ್ನೂ ಬರೆದಿರಲಿಲ್ಲ. ಅದು ವಾಪಸು ಬಂತು. ಇದರಲ್ಲಿ ಜೀವ ಇಲ್ಲ ಎಂದು ಸಾಹೇಬರು ಹೇಳಿದರಂತೆ. ಇನ್ನೆರಡು ಬರೆದಳು. ಅವೂ ವಾಪಸು ಬಂದವು. ಮುಂದಿನ ಶುಕ್ರವಾರದೊಳಗೆ ಒಪ್ಪುವಂಥದ್ದು ಬಾರದಿದ್ದರೆ ಇದೂ, ಇನ್ನು ಮೇಲಿನ ಕೆಲಸವೆಲ್ಲವೂ ಮುಂಬಯಿಗೆ ಎಂದು ದರ್ಜಿ ತಲೆ ತಗ್ಗಿಸಿ ಹೇಳಿಹೋದ. ಅವಳು ಆ ದಿನ ಯಾರ ಜೊತೆಗೂ ಜಗಳವಾಡಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು.

ಹತ್ತಿರದ ಕಡಲ ದಡದ ಊರು ಬಾಡದಿಂದ ನಮ್ಮ ಮನೆಗೆ ಮೀನು ತರುವವಳೊಬ್ಬಳಿದ್ದಳು. ಮೊದಲ ಬಳ್ಳಿ ವಾಪಸು ಬಂದ ಮಾರನೆಯ ದಿನ, ಒಣಮೀನು ಸುತ್ತಲು ಒಂದು ಕಾಗದ ಕೊಡು ತಂಗೀ ಎಂದು ಅವಳು ಕೇಳಿದ್ದಳು. ಹೆಂಡತಿ ಸಿಟ್ಟಿನಲ್ಲಿ ಆ ಬಳ್ಳಿಯನ್ನೇ ಎತ್ತಿ ಕೊಟ್ಟುಬಿಟ್ಟಿದ್ದಳು. ಮೀನಿನವಳು ಮನೆಯಲ್ಲಿ ಅದನ್ನು ಕೊಡವಿ, ತೂತುಗಳನ್ನು ಕಂಡು, ನೆಲಕ್ಕೆ ಹಾಸಿ, ಮೇಲೆ ಅಕ್ಕಿಹಿಟ್ಟು ಜರಡಿ ಹಿಡಿದಳಂತೆ. ಕಾಗದ ಎತ್ತಿದರೆ ನೆಲದ ಮೇಲೆ ಬಳ್ಳಿ. ಮರುದಿನದಿಂದ ಅವಳ ಅಂಗಳದಲ್ಲಿ ಅದೇ ರಂಗೋಲಿ. ಆಮೇಲೆ ನೆರೆಯವಳ ಅಂಗಳದಲ್ಲಿ, ಅದರ ಆಚೆಯವಳ ಅಂಗಳದಲ್ಲಿ. ಇದನ್ನು ಅವಳೇ ನಗುತ್ತ ನಮಗೆ ಹೇಳಿದಳು.

ಸಾಹೇಬರದ್ದೊಂದು ದೋಣಿಯ ಕೆಲಸ ಬಾಡದ ದಡದಲ್ಲಿ ನಡೆದಿತ್ತು. ಆ ವಾರ ಅದನ್ನು ನೋಡಿಕೊಂಡು, ಕೊನೆಯ ಮಾತು ಹೇಳಿಹೋಗಲು ಅವರು ನೇರವಾಗಿ ನಮ್ಮ ಮನೆಗೇ ಬಂದರು.

"ಬಾಯಿ, ಬೇಜಾರು ಮಾಡ್ಕೋಬೇಡಿ," ಎಂದು ನನ್ನ ಹೆಂಡತಿಗೆ ಹೇಳಿದರು. "ಈಗ ಬಾಡದಲ್ಲಿ ಮೀನಿನವರ ಅಂಗಳ ನೋಡಿ ಬಂದೆ. ಬಳ್ಳಿ ಅಂದರೆ ಅದು. ಮೊಗ್ಗು ಹೇಗೆ ಬಾಗಿದೆ. ಅವರು ಅದನ್ನು ಕಸ ಗುಡಿಸಿದ ಕೈಯಲ್ಲೇ ಬಿಡಿಸ್ತಾರೆ. ಪರೀಕ್ಷೆ ಪಾಸಾದವರು ನೀವು, ನಿಮ್ಮ ಕೈಯಿಂದ ಅಂಥದ್ದು ಯಾಕೆ ಬರೂದಿಲ್ಲ?"

ನಡೆದದ್ದನ್ನು ಇದ್ದಂತೆ ತಿಳಿಸಲು ನಾನು ಬಾಯಿ ತೆರೆದೆ. ಅವಳು ನನ್ನ ಕೈಗೆ ತಂಬಿಗೆ ಕೊಟ್ಟು, ಸಾಹೇಬರಿಗೆ ತಣ್ಣೀರು ತರಲು ಬಾವಿಗೆ ಕಳಿಸಿದಳು. ನಾನು ಬರುವಷ್ಟರಲ್ಲಿ ಮಾತು ಮುಗಿದಿತ್ತು. ಬಾಡಕ್ಕೆ ಹೋಗಿ ಆ ಹೆಂಗಸರ ಹತ್ತಿರ ಕಲಿತು, ಶುಕ್ರವಾರ ಅದನ್ನೇ ತಲುಪಿಸುವುದಾಗಿ ವಿನಯದಿಂದ ಒಪ್ಪಿಕೊಂಡಿದ್ದಳು. ಇಷ್ಟು ವರ್ಷಗಳಲ್ಲಿ ಆ ವಿನಯವನ್ನು ನಾನು ಕಂಡದ್ದು ಅದೇ ಮೊದಲು.

ಹೋಗಬೇಕಾದವನು ನಾನು. ಸೈಕಲ್ಲಿನಲ್ಲಿ ಬಾಡಕ್ಕೆ ಹೋದರೆ ಕಾಗದ ಆಚೆಮನೆಯಲ್ಲಿ ಎಂದರು ಈಚೆಮನೆಯವರು. ಆಚೆಮನೆಯವರು ಮತ್ತೂ ಆಚೆಗೆ ಕಳಿಸಿದರು. ಕಡೆಗೆ ಕಡಲಿಗೆ ಮುಖಮಾಡಿದ ಮನೆಯ ಗೋಡೆಯಲ್ಲಿ, ಬಲೆಯ ಪಕ್ಕದಲ್ಲಿ ತೂಗುತ್ತಿತ್ತು. ಒಣಮೀನಿನ ರುಚಿಗೆ ಬೆಕ್ಕು ಒಂದು ಮೂಲೆಯನ್ನು ತಿಂದಿತ್ತು. ನಾನು ತಂದುಕೊಟ್ಟ ಮೇಲೆ ಅದನ್ನು ಹೊಸ ಕಾಗದದ ಮೇಲಿಟ್ಟು, ಮೂಗು ಮುಚ್ಚಿಕೊಂಡು, ಹಳೆಯ ತೂತುಗಳಲ್ಲೇ ಸೂಜಿ ಆಡಿಸಿ ಹೆಂಡತಿ ಪ್ರತಿ ತೆಗೆದಳು. ಶುಕ್ರವಾರ ಅದು ಭಟ್ಕಳ ಮುಟ್ಟಿತು. ಹೋಗಿ ನೋಡಿ ಕಲಿತರೆ ಹೇಗೆ ಕೈ ಕುದುರುತ್ತದೆ ನೋಡಿ ಎಂದು ಸಾಹೇಬರು ಹೇಳಿಕಳಿಸಿದರು. ಮುಂಬಯಿಯ ಮಾತು ಮತ್ತೆ ಬರಲಿಲ್ಲ.

ಸಾಹೇಬರು ದೊಡ್ಡ ಮನಸ್ಸಿನವರು. ಕಲಿಸಿದವರಿಗೆ ಮರ್ಯಾದೆ ಮಾಡಬೇಕೆಂದು, ಆ ಅಂಗಳ ಯಾರದೆಂದು ವಿಚಾರಿಸಿ, ಮದುವೆಯ ಹೊತ್ತಿಗೆ ಮೀನಿನವಳಿಗೆ ಒಂದು ಒಳ್ಳೆಯ ಸೀರೆ ಕಳಿಸಿದರು. ಅವಳು ಮೀನಿನ ಬುಟ್ಟಿ ಬಿಟ್ಟು, ಸೀರೆಯ ಗಂಟು ಹೊತ್ತು ನಮ್ಮ ಮನೆಗೆ ಬಂದಳು.

"ತಂಗೀ, ಭಟ್ಕಳದ ಸಾಯ್ಬರು ನಂಗೆಂತಕೆ ಸೀರೆ ಕೊಟ್ಟದ್ದು?"

"ನೀನು ಒಣಮೀನು ಸುತ್ತಿದ್ದಕ್ಕೆ, ಅಕ್ಕಾ."

ಮೀನಿನವಳು ಸೀರೆಯ ಗಂಟನ್ನು ಕಂಕುಳಿಗೆ ಸೇರಿಸಿದಳು.

"ಹಂಗಾರೆ ಇನ್ನೊಂದು ಕಾಗದ ಕೊಡು," ಎಂದಳು.

ಮೀನಿನವಳು ಈಗಲೂ ಬರುತ್ತಾಳೆ. ಮೊದಲು ಇಬ್ಬರಿಗೆಂದು ನಾಲ್ಕು ಬಂಗಡೆ ಮೀನು ಇಡುತ್ತಿದ್ದಳು, ಈಗ ಕೇಳದೆಯೇ ಎರಡು ಇಡುತ್ತಾಳೆ.